ಸಿಡಿಯ ವೇಷದಲ್ಲಿ ಪೆನ್‌ಡ್ರೈವ್

ಸಿಡಿ ಡ್ರೈವೇ ಇಲ್ಲದ ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಿಂದ ವಿಂಡೋಸ್ 7 ಹಾಕಲು ಕೂತವರಿಗೆ ಒಂದು ವಿಚಿತ್ರ ಸಂದೇಶ ಎದುರಾಗುವುದಿತ್ತು. ಸಿಡಿ ಅಥವಾ ಡಿವಿಡಿ ಡ್ರೈವಿಗೆ ಬೇಕಾದ ಡ್ರೈವರ್ ಸಿಗುತ್ತಿಲ್ಲ, ಅದಿರುವ ಫ್ಲಾಪಿಯನ್ನೋ ಸಿಡಿಯನ್ನೋ ಪೆನ್‌ಡ್ರೈವನ್ನೋ ಹಾಕಿ ಎಂದು ಯಂತ್ರ ಕೇಳುತ್ತಿತ್ತು. ಫ್ಲಾಪಿ ತೂರಿಸುವ ಕಿಂಡಿಯಿಲ್ಲ, ಸಿಡಿ ಇಡುವ ತಟ್ಟೆಯಿಲ್ಲ. ಪೆನ್‌ಡ್ರೈವ್ ಮಾತ್ರ ಇದೆ, ಆಗಲೇ ಚುಚ್ಚಿದ್ದೂ ಆಗಿದೆ. ಸಂದೇಶ ತೋರಿಸುತ್ತಿರುವ ಪ್ರೋಗ್ರಾಮು ಬಂದದ್ದೇ ಅದರಿಂದ. ಸ್ವಲ್ಪ ಹೊತ್ತಿನ ಹಿಂದೆ ಸಲೀಸಾಗಿ ಓದಿದ ಪೆನ್‌ಡ್ರೈವ್ ಈಗ ಯಾಕೆ ಕಾಣುತ್ತಿಲ್ಲ?

ಕಾರಣ ತಿಳಿಯಬೇಕಾದರೆ ಪವರ್ ಬಟನ್ ಒತ್ತಿದ ಮರುಕ್ಷಣಕ್ಕೆ ಹೋಗಬೇಕು. ಆಗ ಕಂಪ್ಯೂಟರಿನ ಮೆಮೊರಿ ಖಾಲಿ. ಫೈಲು, ಫೋಲ್ಡರುಗಳ ಲೆಕ್ಕ ಇಡುವುದು ಕಾರ್ಯಾಚರಣ ವ್ಯವಸ್ಥೆ. ಅದೇ ಇನ್ನೂ ಬಂದಿಲ್ಲ. ಇರುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತ ಬಯೋಸ್ ಮಾತ್ರ. ಹಳೆಯ ಬಯೋಸ್ ಮಾಡುತ್ತಿದ್ದುದು ಇಷ್ಟೇ: ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಮೆಮೊರಿಗೆ ತರುವುದು, ಅವುಗಳ ಕೊನೆಯಲ್ಲಿ 55, ಎಎ ಎಂಬ ಎರಡು ಬೈಟ್‌ಗಳ ಗುರುತು ಇದೆಯೇ ನೋಡುವುದು, ಇದ್ದರೆ ಕಣ್ಣುಮುಚ್ಚಿ ಆ ತುಣುಕಿನ ಕೈಗೆ ಯಂತ್ರವನ್ನು ಒಪ್ಪಿಸಿಬಿಡುವುದು. ಹಾರ್ಡ್‌ಡಿಸ್ಕಿನಲ್ಲಾದರೆ ಆ 512ರಲ್ಲಿ 64 ಬೈಟ್ ಪಾರ್ಟಿಶನ್ ಪಟ್ಟಿಗೆ ಹೋಗುತ್ತದೆ, 2 ಗುರುತಿಗೆ. ಪ್ರೋಗ್ರಾಮಿಗೆ ಉಳಿಯುವುದು 446. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು ದೀರ್ಘಕ್ಕೂ 3 ಬೈಟ್ ಬೇಕು. ಅಂದರೆ ಈ ಪ್ಯಾರಾದ ಎರಡು ಮೂರು ವಾಕ್ಯ ಹಿಡಿಸುವಷ್ಟು ಜಾಗ. ಅಷ್ಟರಲ್ಲೇ ಮುಂದಿನ ದಾರಿ ತೋರಿಸಿ ಮುಗಿಸಬೇಕು.

ಸಿಡಿಯಲ್ಲಿದ್ದ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿದರೂ ಹಿಂದೆ ಅದು ಬೂಟ್ ಆಗದೆ ಇರುತ್ತಿದ್ದುದು ಇದಕ್ಕೇ. ಎಲ್ಲ ಸರಕೂ ಬಂದಿರುತ್ತಿತ್ತು, ಆ ಮೊದಲ ತುಣುಕೊಂದನ್ನು ಬಿಟ್ಟು.

ಸಿಡಿಗೂ ಒಂದು ಕಾಲದಲ್ಲಿ ಇದೇ ಪಾಡು. ಅದರ ಒಂದು ಸೆಕ್ಟರಿನಲ್ಲಿ, ಅಂದರೆ ಒಮ್ಮೆಗೆ ಓದುವ ತುಣುಕಿನಲ್ಲಿ, 512ರ ಬದಲು 2048 ಬೈಟ್ ಇರುತ್ತವೆ, ಬಯೋಸ್‌ಗೆ ಅದು ಅರ್ಥವಾಗುತ್ತಿರಲಿಲ್ಲ. ವಿಂಡೋಸ್ 95 ಸಿಡಿಯಲ್ಲಿ ಮಾರಾಟವಾದಾಗಲೂ ಬೂಟ್ ಮಾಡಲು ಫ್ಲಾಪಿಯೊಂದು ಬೇಕಾಗುತ್ತಿತ್ತು. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳ ಎಂಜಿನಿಯರುಗಳು 'ಎಲ್ ಟೊರಿಟೊ' ಎಂಬ ಒಂದು ನಿಯಮಾವಳಿ ತಂದರು. ಕ್ಯಾಲಿಫೋರ್ನಿಯಾದ ಹೋಟೆಲೊಂದರ ಹೆಸರು ಅದು. ಅದರಲ್ಲಿದ್ದ ಒಂದು ಉಪಾಯ ನನಗೆ ಬಹಳ ಇಷ್ಟ: ಸಿಡಿಯೊಳಗೆ 1.44 ಎಂಬಿಯ ಫ್ಲಾಪಿಯೊಂದರ ಪಡಿಯಚ್ಚು ಇಟ್ಟುಬಿಡುವುದು, ಇದೇ ನಿನ್ನ ಎ ಡ್ರೈವ್ ಎಂದು ಯಂತ್ರವನ್ನು ನಂಬಿಸುವುದು. ಸಿಡಿ ಒಳಗೆ ಬಂದದ್ದು ಫ್ಲಾಪಿಯ ವೇಷದಲ್ಲಿ.

ಪೆನ್‌ಡ್ರೈವ್ ಮಾರುಕಟ್ಟೆಗೆ ಬಂದದ್ದು 2000ದ ಸುಮಾರಿಗೆ. ಐಬಿಎಂ ಆಗ ಮಾರಿದ್ದರಲ್ಲಿ ಹಿಡಿಸುತ್ತಿದ್ದುದು 8 ಎಂಬಿ. ಆ ಕಾಲದ ಬಯೋಸ್ ಪಟ್ಟಿ ತೆರೆದು ನೋಡಿದವರಿಗೆ ಯುಎಸ್‌ಬಿ-ಎಫ್‌ಡಿಡಿ, ಯುಎಸ್‌ಬಿ-ಜಿಪ್, ಯುಎಸ್‌ಬಿ-ಎಚ್‌ಡಿಡಿ ಎಂಬ ಸಾಲುಗಳು ನೆನಪಿರಬಹುದು. ಚುಚ್ಚಿದ್ದನ್ನು ಫ್ಲಾಪಿ ಎಂದುಕೊಳ್ಳಲೇ, ಜಿಪ್ ಡಿಸ್ಕ್ ಎಂದುಕೊಳ್ಳಲೇ, ಹಾರ್ಡ್‌ಡಿಸ್ಕ್ ಎಂದುಕೊಳ್ಳಲೇ ಎಂದು ಯಂತ್ರ ಬಳಕೆದಾರನನ್ನೇ ಕೇಳುತ್ತಿತ್ತು! 2007ರಲ್ಲಿ ಏಸಸ್‌ನ ಪುಟಾಣಿ 'ಈ ಪಿಸಿ', 2008ರಲ್ಲಿ ಆ್ಯಪಲ್‌ನ ಮ್ಯಾಕ್‌ಬುಕ್ ಏರ್ ಸಿಡಿ ಡ್ರೈವ್ ಇಲ್ಲದೆ ಬಂದ ಮೇಲೆ ಈ ಗೊಂದಲ ಹವ್ಯಾಸಿಗಳನ್ನು ದಾಟಿ ಎಲ್ಲರ ಮನೆಗೂ ಬಂತು.

ಲಿನಕ್ಸ್ ಲೋಕ ಕಂಡುಕೊಂಡ ದಾರಿ ಸೊಗಸಾದದ್ದು. ಸಿಡಿಯ ವಿನ್ಯಾಸವನ್ನು ಹೇಳುವ ಐಎಸ್‌ಒ 9660 ಮಾನಕ ಮೊದಲ 16 ಸೆಕ್ಟರುಗಳನ್ನು, ಅಂದರೆ 32 ಕೆಬಿಯನ್ನು, ಮುಟ್ಟದೆ ಬಿಟ್ಟಿರುತ್ತದೆ. ಸಿಡಿಯೆಂದು ಓದುವವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ಹಾರ್ಡ್‌ಡಿಸ್ಕ್ ಎಂದು ಓದುವ ಬಯೋಸ್ ನೋಡುವುದೋ ಮೊದಲ 512 ಬೈಟ್ ಮಾತ್ರ. ಹಾಗಾದರೆ ಹಾರ್ಡ್‌ಡಿಸ್ಕಿನ ಬೂಟ್ ತುಣುಕನ್ನು ಆ ಖಾಲಿ ಜಾಗದಲ್ಲೇ ಇಟ್ಟರೆ? ಒಂದೇ ಐಎಸ್‌ಒ ಫೈಲು ಸಿಡಿಗೆ ಬರೆದರೆ ಸಿಡಿಯಂತೆ, ಪೆನ್‌ಡ್ರೈವಿಗೆ ಬರೆದರೆ ಹಾರ್ಡ್‌ಡಿಸ್ಕಿನಂತೆ ನಡೆದುಕೊಳ್ಳುತ್ತದೆ. ಸಿಸ್‌ಲಿನಕ್ಸ್ ಯೋಜನೆಯ ಈ ತಂತ್ರಕ್ಕೆ ಐಸೊಹೈಬ್ರಿಡ್ ಎಂದು ಹೆಸರು. ಉಬುಂಟು, ಡೆಬಿಯನ್‌ಗಳ ಐಎಸ್‌ಒವನ್ನು ಬೈಟಿಗೆ ಬೈಟ್ ಪೆನ್‌ಡ್ರೈವಿಗೆ ಇಳಿಸಿದರೆ ಸಾಕಾಗುವುದು ಇದರಿಂದ. ವಿಂಡೋಸ್‌ನ ಐಎಸ್‌ಒದಲ್ಲಿ ಈ ಏರ್ಪಾಡಿಲ್ಲ. ಅದನ್ನು ಹಾಗೇ ಇಳಿಸಿದರೆ ಬೂಟ್ ಆಗುವುದಿಲ್ಲ; ಮೈಕ್ರೋಸಾಫ್ಟ್‌ನದೇ ಸಲಕರಣೆಯೋ, ರೂಫಸ್‌ನಂಥ ತಂತ್ರಾಂಶವೋ ಬೇಕು.

ಈಗಿನ ಯಂತ್ರಗಳಲ್ಲಿ ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದಕ್ಕೆ ಫೈಲು ಎಂದರೇನೆಂದು ಗೊತ್ತು. ಪೆನ್‌ಡ್ರೈವಿನಲ್ಲಿ ಇಎಫ್‌ಐ ಎಂಬ ಫೋಲ್ಡರು, ಅದರೊಳಗೆ ಬೂಟ್ ಎಂಬ ಫೋಲ್ಡರು, ಅಲ್ಲಿ ನಿಗದಿತ ಹೆಸರಿನ ಒಂದು ಫೈಲು ಇದ್ದರೆ ಅದನ್ನು ಹುಡುಕಿ ಓಡಿಸುತ್ತದೆ. ಬರೀ ಕಾಪಿ ಮಾಡಿದರೂ ನಡೆಯುತ್ತದೆ. ಆದರೆ ಅದು ಖಚಿತವಾಗಿ ಓದಬಲ್ಲದ್ದು 1970ರ ದಶಕದಲ್ಲಿ ಹುಟ್ಟಿದ ಫ್ಯಾಟ್ ಮನೆತನದ ಫೈಲ್ ವ್ಯವಸ್ಥೆಯನ್ನು ಮಾತ್ರ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ, ವಿಂಡೋಸ್‌ನ ಮುಖ್ಯ ಕಂತೆ ಎಷ್ಟೋ ಸಲ ಅದನ್ನು ಮೀರುತ್ತದೆ. ಕಾಪಿ ಅರ್ಧಕ್ಕೇ ನಿಂತರೆ ಪೆನ್‌ಡ್ರೈವನ್ನು ಬೈಯಬೇಡಿ.

ಇನ್ನು ವಿಂಡೋಸ್ 7ರ ಒಗಟು. ಪೆನ್‌ಡ್ರೈವನ್ನು ಓದುವವರು ಇಬ್ಬರು, ಒಬ್ಬರ ನಂತರ ಒಬ್ಬರು. ಮೊದಲು ಮದರ್‌ಬೋರ್ಡಿನ ಬಯೋಸ್ ತನ್ನ ಸ್ವಂತ ಸಾಮರ್ಥ್ಯದಿಂದ ಓದಿ ಇನ್‌ಸ್ಟಾಲರನ್ನು ಮೆಮೊರಿಗೆ ತರುತ್ತದೆ. ಇನ್‌ಸ್ಟಾಲರ್ ಎದ್ದ ಮೇಲೆ ಬಯೋಸ್‌ನ ಸಹಾಯ ತೆಗೆದುಕೊಳ್ಳುವುದಿಲ್ಲ, ತನ್ನದೇ ಡ್ರೈವರುಗಳಿಂದ ಎಲ್ಲವನ್ನೂ ಹೊಸದಾಗಿ ಹುಡುಕುತ್ತದೆ. 2009ರ ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಇರಲಿಲ್ಲ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ಚುಚ್ಚಿದ ಪೆನ್‌ಡ್ರೈವ್ ಆ ಹಸ್ತಾಂತರದ ಕ್ಷಣದಲ್ಲಿ ಮಾಯ! ಸಂದೇಶ ಬರೆದವರು ಇನ್‌ಸ್ಟಾಲರ್ ಡಿವಿಡಿಯಿಂದಲೇ ಬಂದಿರುತ್ತದೆ ಎಂದುಕೊಂಡಿರಬೇಕು, ಹಾಗಾಗಿ ಸಿಡಿಯ ಮಾತು. ಕಪ್ಪು ಬಣ್ಣದ ಯುಎಸ್‌ಬಿ 2 ಕಿಂಡಿಗೆ ಬದಲಿಸಿದರೆ ಎಷ್ಟೋ ಸಲ ಕೆಲಸ ಸರಾಗ. 2015ರ ಇಂಟೆಲ್ ಸ್ಕೈಲೇಕ್ ಯಂತ್ರಗಳಲ್ಲಿ ಹಳೆಯ ಯುಎಸ್‌ಬಿ 2 ನಿಯಂತ್ರಕವನ್ನೇ ಕೈಬಿಟ್ಟರು. ಅಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸ್ ಕೂಡ ಸ್ತಬ್ಧ. 'ಮುಂದೆ' ಎಂಬ ಗುಂಡಿ ಕಣ್ಣೆದುರೇ ಇದ್ದರೂ ಒತ್ತಲು ದಾರಿಯಿಲ್ಲ. ಡ್ರೈವರನ್ನು ಮೊದಲೇ ಐಎಸ್‌ಒದೊಳಗೆ ಸೇರಿಸಿಕೊಂಡೇ ಹೋಗಬೇಕಿತ್ತು.

ಪೆನ್‌ಡ್ರೈವೂ ಬೇಡವೆಂದರೆ ನೆಟ್‌ವರ್ಕ್ ಇದೆ. ಪಿಎಕ್ಸ್‌ಇ ಎಂಬ ಏರ್ಪಾಡಿನಲ್ಲಿ ಯಂತ್ರ ಕೇಬಲಿನ ಮೂಲಕ ತನಗೊಂದು ವಿಳಾಸ ಕೇಳಿ ಪಡೆಯುತ್ತದೆ, ಬೂಟ್ ಫೈಲನ್ನು ಸರ್ವರಿನಿಂದ ತುಣುಕು ತುಣುಕಾಗಿ ತರಿಸಿಕೊಳ್ಳುತ್ತದೆ. ಲ್ಯಾಬಿನ ನಲವತ್ತು ಯಂತ್ರಗಳಿಗೆ ಇದು ಸರಿ, ಮನೆಯ ಒಂದಕ್ಕೆ ಯಾಕೆ ಬೇಕು ಆ ಗೋಜು?

ಕೆಲಸ ಮುಗಿದ ಮೇಲೆ, ಲಿನಕ್ಸ್ ಐಎಸ್‌ಒ ಇಳಿಸಿದ್ದ 16 ಜಿಬಿಯ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ಕೆಲವೇ ಎಂಬಿಯದೆಂದು ಕಾಣಿಸಿಕೊಳ್ಳುವುದುಂಟು. ಕೆಟ್ಟಿರುವುದಿಲ್ಲ, ಐಎಸ್‌ಒ ತನ್ನ ಪಾರ್ಟಿಶನ್ ಪಟ್ಟಿಯನ್ನು ಅದರ ಮೇಲೆ ಬರೆದಿದೆ, ಅಷ್ಟೇ. ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್ ಸಲಕರಣೆ ತೆರೆದು, ಪೆನ್‌ಡ್ರೈವಿನ ಸಂಖ್ಯೆ ಆರಿಸಿ, 'ಕ್ಲೀನ್' ಆಜ್ಞೆ ಕೊಟ್ಟು ಮತ್ತೆ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ಬರುತ್ತದೆ. ಡಿಸ್ಕಿನ ಸಂಖ್ಯೆಯನ್ನು ಮಾತ್ರ ಎರಡೆರಡು ಸಲ ನೋಡಿಕೊಳ್ಳಿ. ಪಕ್ಕದಲ್ಲೇ ಫೋಟೊಗಳಿರುವ ಇನ್ನೊಂದು ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ, ಖಂಡಿತವೇ ಎಂದು ಆ ಆಜ್ಞೆ ತಿರುಗಿ ಕೇಳುವುದಿಲ್ಲ.