ಹೊಳೆಯ ಹೆಸರು ಹೊತ್ತ ಹುಡುಗಿ

ಗಂಗಾ, ಯಮುನಾ, ಕಾವೇರಿ, ಗೋದಾವರಿ... ಹೆಣ್ಣುಮಕ್ಕಳಿಗೆ ಹೊಳೆಯ ಹೆಸರಿಡುವುದು ನಮ್ಮಲ್ಲಿ ಹೊಸತಲ್ಲ. ನದಿಯ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿ ಹೇಳುತ್ತದೆ. ಜನ ಅದಕ್ಕೆ ಕಿವಿಗೊಡಲಿಲ್ಲ. ಆದರೆ ಈ ಸಾಲಿನ ಒಂದು ಹೆಸರು ಮಾತ್ರ ತನ್ನ ಸೀಮೆ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಅದು ಮಲಪ್ರಭಾ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಾವುಲಿ ದೇವಿಯ ಗುಡಿಯ ಬಳಿ ಈ ನದಿ ಹುಟ್ಟುತ್ತದೆ. ಖಾನಾಪುರ ಪಟ್ಟಣವನ್ನು ಬಳಸಿ, ನವಿಲುತೀರ್ಥದ ಅಣೆಕಟ್ಟು, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ, ಸುಮಾರು ೩೦೦ ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಹೆಸರು ಅಪರೂಪವಾಗಲು ಕಾರಣವೇನು? ಸಂಸ್ಕೃತದಲ್ಲಿ ‘ಮಲ’ ಎಂದರೆ ಕೊಳೆ. ಹೊರಗಿನವರ ಕಿವಿಗೆ ಮೊದಲು ತಾಗುವುದು ಅದೇ. ಆದರೆ ನದಿಯ ಇನ್ನೊಂದು ಹೆಸರು ಮಲಾಪಹಾರಿ, ಅಂದರೆ ಕೊಳೆಯನ್ನು ಕಳೆಯುವವಳು. ‘ಪ್ರಭೆ’ ಎಂದರೆ ಬೆಳಕು. ಮಲೆನಾಡಿನ ಅಂಚಿನ ಕನ್ನಡಿಗರ ಕಿವಿಗೆ ಇದರಲ್ಲಿ ‘ಮಲೆ’ಯೂ ಕೇಳಿಸೀತು. ಜೊತೆಯ ನದಿ ಘಟಪ್ರಭೆಗೆ ಈ ಭಾಗ್ಯವಿಲ್ಲ. ಘಟಪ್ರಭಾ ಎಂದರೆ ನೆನಪಾಗುವುದು ಹೊಳೆ, ಇಲ್ಲವೇ ರೈಲು ನಿಲ್ದಾಣ, ಹುಡುಗಿಯಲ್ಲ.

ಮಲಪ್ರಭೆ ಬೆಳಗಾವಿ ನಗರವನ್ನು ಮುಟ್ಟುವುದಿಲ್ಲ. ನಗರಕ್ಕೆ ಕುಡಿಯುವ ನೀರು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳದು. ಆದರೂ ಹೆಸರು ಈ ಭಾಗಕ್ಕೆ ಚಿರಪರಿಚಿತ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ಅದನ್ನು ಹೊತ್ತಿದೆ. ೨೦೦೫ರಲ್ಲಿ ವಿಲೀನಗೊಂಡ ಗ್ರಾಮೀಣ ಬ್ಯಾಂಕೂ ಹೊತ್ತಿತ್ತು.

ಹೆಸರಿನ ಆಕರ್ಷಣೆಗೆ ಇನ್ನೊಂದು ಕಾರಣ ಭಾಷೆ. ಗಡಿಯ ಜಗಳ ಕಂಡ ಈ ನೆಲದಲ್ಲಿ ‘ಚೆನ್ನವ್ವ’ ಎಂದರೆ ಕನ್ನಡದ ಮನೆ ಎಂದು ತಿಳಿಯುತ್ತದೆ. ಮಲಪ್ರಭಾ ಹಾಗಲ್ಲ. ಕನ್ನಡದ ಮನೆಗೂ ಮರಾಠಿ ಮನೆಗೂ ಅದು ಒಂದೇ ರೂಪದಲ್ಲಿ ಒಗ್ಗುತ್ತದೆ. ಹೆಸರು ಹೇಳುವುದು ಭಾಷೆಯನ್ನಲ್ಲ, ನೀರಿನ ಗುರುತನ್ನು.

೨೦೧೮ರ ಆಗಸ್ಟ್‌ನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ ಕುರಾಶ್ ಕುಸ್ತಿಯ ೫೨ ಕಿಲೊ ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಅದೇ ತಿಂಗಳು ಮಹದಾಯಿ ನ್ಯಾಯಮಂಡಳಿ ತೀರ್ಪು ನೀಡಿ, ಖಾನಾಪುರದ ಕಳಸಾ, ಬಂಡೂರಿ ಹಳ್ಳಗಳಿಂದ ೩.೯ ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ನೀರಿಗಾಗಿ ಕಾದ ಹೊಳೆ, ಪದಕ ತಂದ ಹುಡುಗಿ: ಆ ತಿಂಗಳ ಪತ್ರಿಕೆಗಳಲ್ಲಿ ಎರಡು ಸುದ್ದಿಗೂ ಒಂದೇ ಹೆಸರಿತ್ತು.