ಎಣಿಕೆ ತಿರುಗಿ ಬಂದಾಗ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಳ್ವಿಕೆ ಕ್ರಿ. ಶ. 814ರಿಂದ 878ರವರೆಗೆ, ಸುಮಾರು 64 ವರ್ಷ ನಡೆಯಿತು. ನಮ್ಮ ಸಂವತ್ಸರಗಳ ಹೆಸರುಗಳಾದರೋ ಅರುವತ್ತೇ. ಪ್ರಭವದಿಂದ ಹೊರಟ ಎಣಿಕೆ ಅಕ್ಷಯದಲ್ಲಿ ಮುಗಿದು ಮತ್ತೆ ಪ್ರಭವಕ್ಕೇ ಬರುತ್ತದೆ. ಆದುದರಿಂದ ಒಬ್ಬನೇ ಅರಸನ ಕಾಲದಲ್ಲಿ ಕೆಲವು ಸಂವತ್ಸರಗಳು ಎರಡು ಸಲ ಬಂದವು. ಬರಿಯ ಸಂವತ್ಸರವನ್ನು ಕೆತ್ತಿದರೆ ಅದು ಯಾವ ಸಲದ್ದೆಂದು ತಿಳಿಯುವ ಬಗೆ ಹೇಗೆ? ನೀಲಗುಂದದ ಶಾಸನವು ಶಕವರ್ಷ 788, ವ್ಯಯ ಸಂವತ್ಸರ, ಆಳ್ವಿಕೆಯ 52ನೆಯ ವರ್ಷ ಎಂದು ಮೂರನ್ನೂ ಹೇಳುತ್ತದೆ. ಸಂವತ್ಸರ ತಿರುಗಿ ಬರುತ್ತದೆ, ಶಕವರ್ಷ ಬರುವುದಿಲ್ಲ.

ಇದೇ ತೊಡಕು ಕಂಪ್ಯೂಟರುಗಳ ಸುದ್ದಿಜಾಲದಲ್ಲಿಯೂ ಉಂಟು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು 1979ರಲ್ಲಿ ಯೋಜಿಸಿದ ಯೂಸ್‌ನೆಟ್ ಇಂಥದೊಂದು ಜಾಲ. ಅದರಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು ಗುಂಪು. ಗುಂಪಿಗೆ ಬಂದ ಲೇಖನಗಳಿಗೆ ಸರ್ವರ್ ಯಂತ್ರವು ಬಂದ ಕ್ರಮದಲ್ಲಿಯೇ 1, 2, 3 ಎಂದು ಸಂಖ್ಯೆ ಹಾಕುತ್ತದೆ. ಓದುಗನ ಯಂತ್ರವು ತಾನು ಕಂಡ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡು, ಮರುದಿನ ಅದಕ್ಕಿಂತ ದೊಡ್ಡ ಸಂಖ್ಯೆಯ ಲೇಖನಗಳನ್ನಷ್ಟೇ ಕೇಳುತ್ತದೆ.

ಆದರೆ ಯಂತ್ರದಲ್ಲಿ ಸಂಖ್ಯೆಗೆ ದೊರೆಯುವ ಜಾಗ ಮಿತವಾದುದು. 32 ಬಿಟ್ಟುಗಳಲ್ಲಿ ಒಂದು ಧನ, ಋಣಗಳ ಗುರುತಿಗೆ ಹೋದರೆ ಉಳಿಯುವುದು 31. ಅವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಅದಕ್ಕೆ ಒಂದನ್ನು ಕೂಡಿಸಿದರೆ ಸಾಮಾನ್ಯವಾಗಿ ಅದು ಅಷ್ಟೇ ದೊಡ್ಡ ಋಣಸಂಖ್ಯೆಯಾಗಿಬಿಡುತ್ತದೆ! ಸರ್ವರ್ ಮತ್ತೆ 1ರಿಂದ ತೊಡಗಿದರೂ ಕೇಡು ತಪ್ಪದು. ಹೊಸ ಲೇಖನವನ್ನು ಓದುಗನ ಯಂತ್ರವು ಹಳೆಯದೆಂದೇ ಭಾವಿಸಿ ಬಿಟ್ಟುಬಿಡುತ್ತದೆ. ತಪ್ಪು ನಡೆದ ಸೂಚನೆಯೇ ಇಲ್ಲದೆ ಸುದ್ದಿ ಕಳೆದುಹೋಗುತ್ತದೆ.

ಪರಿಹಾರಗಳು ಎರಡು. ಮೊದಲನೆಯದು ಜಾಗವನ್ನು ಹಿಗ್ಗಿಸುವುದು. ವಾಡಿ ಜಂಕ್ಷನ್ನಿನಲ್ಲಿ ನಿಲ್ಲುವ ಎಕ್ಸ್‌ಪ್ರೆಸ್ ಗಾಡಿಗಳ ಸಂಖ್ಯೆಗೆ ಈಗ ಐದು ಅಂಕಿಗಳು. 2010ರ ಡಿಸೆಂಬರ್ 20ಕ್ಕೆ ಮುಂಚೆ ನಾಲ್ಕಿದ್ದವು. ಹಾಗೆಯೇ 64 ಬಿಟ್ಟುಗಳನ್ನು ಬಳಸಿದರೆ ಲೇಖನಸಂಖ್ಯೆಯ ಮಿತಿ ಹತ್ತು ಅಂಕಿಗಳಿಂದ ಹತ್ತೊಂಬತ್ತಕ್ಕೆ ಏರುತ್ತದೆ. ಆದರೆ ಸರ್ವರ್ ಮಾತ್ರ ಬದಲಾದರೆ ಸಾಲದು. ಓದುಗನ ಯಂತ್ರವೂ ಬದಲಾಗಬೇಕು. ಎರಡನೆಯದು, ಶಾಸನದ ಶಕವರ್ಷದಂತೆ, ಎಂದೂ ಮರುಕಳಿಸದ ಗುರುತನ್ನು ಆಶ್ರಯಿಸುವುದು. ಯೂಸ್‌ನೆಟ್ಟಿನ ಪ್ರತಿಯೊಂದು ಲೇಖನಕ್ಕೂ ‘ಮೆಸೇಜ್ ಐಡಿ’ ಎಂಬ ಇಂಥ ಗುರುತಿದೆ. ಕ್ರಮಸಂಖ್ಯೆ ಸರ್ವರಿನಿಂದ ಸರ್ವರಿಗೆ ಬೇರೆಯಾದರೂ ಈ ಗುರುತು ಎಲ್ಲೆಡೆಯೂ ಒಂದೇ.

2006ರ ಅಕ್ಟೋಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 3977 ಎಂಬ ನಿಯಮಾವಳಿಯು ಲೇಖನಸಂಖ್ಯೆ 2,14,74,83,647ನ್ನು ಮೀರಕೂಡದೆಂದು ವಿಧಿಸಿತು. ಆ ವರ್ಷವೂ ವ್ಯಯ ಸಂವತ್ಸರವೇ! ನೀಲಗುಂದದ ವ್ಯಯದಿಂದ ಈ ವ್ಯಯಕ್ಕೆ ಚಕ್ರವು 19 ಸಲ ಸುತ್ತಿತ್ತು. 1,140 ವರ್ಷಗಳು ಕಳೆದಿದ್ದವು. ಇದನ್ನು ನಾವು ಲೆಕ್ಕ ಹಾಕಬಲ್ಲೆವಾದರೆ, ಅದು ಹೆಸರಿನ ಜೊತೆಗೆ ಶಕವರ್ಷವನ್ನೂ ಕೆತ್ತಿಸಿದವರ ಎಚ್ಚರಿಕೆಯ ಫಲ.