ಲೋಕಲ್ ಹತ್ತುವ ಬಸುರಿಗೆ ಬಟ್ಟೆ

ಮುಂಬಯಿಯಲ್ಲಿ ಬಸುರಿಗೆ ಬಟ್ಟೆ ಕೊಳ್ಳಲು ಹೊರಡುವ ಮೊದಲು ಎರಡು ಸಂಗತಿ ಗೊತ್ತುಮಾಡಿಕೊಳ್ಳಬೇಕು: ಏಳನೆಯ ತಿಂಗಳು ಯಾವ ಕಾಲಕ್ಕೆ ಬೀಳುತ್ತದೆ, ದಿನಾ ಹತ್ತುವುದು ಯಾವ ಲೋಕಲ್. ಜನವರಿಯಲ್ಲಿ ಹೊಟ್ಟೆ ದೊಡ್ಡದಾಗುವವಳಿಗೆ ಬೇಕಾದದ್ದು ಬೇರೆ, ಜುಲೈಯಲ್ಲಿ ಆಗುವವಳಿಗೆ ಬೇಕಾದದ್ದು ಬೇರೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವವಳಿಗೂ ಮಾಟುಂಗದ ಮನೆಯಿಂದ ಎರಡು ಗಲ್ಲಿ ದಾಟಿ ಕೆಲಸಕ್ಕೆ ಹೋಗುವವಳಿಗೂ ಒಂದೇ ಪಟ್ಟಿ ಕೊಟ್ಟರೆ ಉಪಯೋಗವಿಲ್ಲ. ಆದರೆ ಮೈ ಬದಲಾಗುವ ಕ್ರಮ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಅದನ್ನು ಮೊದಲು ನೋಡೋಣ.

ಹೊಟ್ಟೆ ಕಾಣತೊಡಗಿದ ಕೂಡಲೇ ಎರಡು ಸೈಜು ದೊಡ್ಡ ಕುರ್ತಿ ತಂದುಬಿಡುವುದು ರೂಢಿ. ಅದು ಅರ್ಧ ಕೆಲಸ ಮಾಡುತ್ತದೆ, ಅಷ್ಟೆ. ಬಸುರಿಯ ಮೈ ಎಲ್ಲ ಕಡೆ ಸಮನಾಗಿ ಬೆಳೆಯುವುದಿಲ್ಲ. ಹೆಗಲಿನ ಅಗಲ ಮೊದಲಿನಷ್ಟೇ ಇರುತ್ತದೆ. ಎದೆ ಮೊದಲ ಮೂರು ತಿಂಗಳಲ್ಲೇ ತುಂಬಿಕೊಳ್ಳುತ್ತದೆ. ಪಕ್ಕೆಲುಬಿನ ಗೂಡು ಕೆಳಗಡೆ ಅಗಲವಾಗಿ ಎದೆಗೂಡಿನ ಸುತ್ತಳತೆ ಐದಾರು ಸೆಂಟಿಮೀಟರ್ ಹೆಚ್ಚುತ್ತದೆ. ಹೊಟ್ಟೆ ಇನ್ನೂ ಕಾಣದಿದ್ದರೂ ರವಿಕೆಯ ಕೊಕ್ಕೆ ಹತ್ತದಾಗುವುದು ಹೀಗೆ. ಗರ್ಭಕೋಶ 12ನೇ ವಾರಕ್ಕೆ ಕಿಬ್ಬೊಟ್ಟೆಯ ಕೆಳಗಿನ ಎಲುಬನ್ನು ದಾಟಿ ಮೇಲೆ ಬರುತ್ತದೆ, 20ನೇ ವಾರಕ್ಕೆ ಹೊಕ್ಕುಳ ಮುಟ್ಟುತ್ತದೆ, 36ನೇ ವಾರಕ್ಕೆ ಎದೆಗೂಡಿನ ಕೆಳ ಅಂಚಿನವರೆಗೆ ಏರಿ, ಹೆರಿಗೆ ಹತ್ತಿರವಾದಾಗ ಕೊಂಚ ಜಾರುತ್ತದೆ. ಅಂದರೆ ಸೊಂಟ ಎನ್ನುವ ಜಾಗ ತಿಂಗಳಿಂದ ತಿಂಗಳಿಗೆ ಸ್ಥಳ ಬದಲಿಸುತ್ತಲೇ ಇರುತ್ತದೆ. ಅದನ್ನು ನಂಬಿ ಹೊಲಿದ ಯಾವ ಬಟ್ಟೆಯೂ ನಾಲ್ಕು ವಾರಕ್ಕಿಂತ ಹೆಚ್ಚು ಸರಿಯಾಗಿ ಕೂರುವುದಿಲ್ಲ.

ಎರಡು ಸೈಜು ದೊಡ್ಡ ಕುರ್ತಿ ತೊಟ್ಟವಳನ್ನು ಪಕ್ಕದಿಂದ ನೋಡಿದರೆ ಎಲ್ಲಿ ಎಡವಟ್ಟಾಗಿದೆ ಎಂದು ತಿಳಿಯುತ್ತದೆ. ಹೆಗಲಿನ ಹೊಲಿಗೆ ತೋಳಿನ ಮೇಲೆ ಜೋತುಬಿದ್ದಿದೆ, ಕುತ್ತಿಗೆ ಅಗಲವಾಗಿ ಒಳಉಡುಪಿನ ಪಟ್ಟಿ ಇಣುಕುತ್ತಿದೆ, ಇಷ್ಟಾದರೂ ಮುಂದಿನ ಅಂಚು ಮಾತ್ರ ಮೇಲೆ ಹೋಗಿದೆ. ಹೊಟ್ಟೆಯ ಉಬ್ಬನ್ನು ಹತ್ತಿ ಇಳಿಯುವುದಕ್ಕೇ ಮುಂದಿನ ಬಟ್ಟೆ ಖರ್ಚಾಗುವುದರಿಂದ ಹೀಗಾಗುತ್ತದೆ. ‘ಮೆಟರ್ನಿಟಿ’ ಎಂದು ಮಾರುವ ಕುರ್ತಿಗೆ ಮುಂದಿನ ತುಂಡು ಹಿಂದಿನದಕ್ಕಿಂತ ಉದ್ದ ಇರುತ್ತದೆ, ಎದೆಯ ಕೆಳಗೋ ಬದಿಯ ಹೊಲಿಗೆಯಲ್ಲೋ ಸುಕ್ಕು ಹಿಡಿದಿರುತ್ತಾರೆ. ಗುಟ್ಟು ಇಷ್ಟೇ. ಇಷ್ಟಕ್ಕೆ ಬ್ರಾಂಡಿನ ಬೆಲೆ ಕೊಡಬೇಕಾಗಿಲ್ಲ. ಹಿಂದ್‌ಮಾತಾದಲ್ಲೋ ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಲ್‌ದಾಸ್ ಮಾರ್ಕೆಟ್ಟಿನಲ್ಲೋ ಮೀಟರ್ ಲೆಕ್ಕದಲ್ಲಿ ಹತ್ತಿಬಟ್ಟೆ ತಂದು, ನಿಮ್ಮ ಗಲ್ಲಿಯ ಟೈಲರಿಗೆ ಹೀಗೆ ಹೇಳಿ: ಹೆಗಲಿನ ಅಳತೆ ನನ್ನದೇ ಇರಲಿ, ಎದೆಯ ಕೆಳಗೆ ಕತ್ತರಿಸಿ ಸುಕ್ಕು ಕೊಡಿ, ಮುಂದಿನ ಉದ್ದ ಎರಡು ಇಂಚು ಜಾಸ್ತಿ ಇಡಿ, ಬದಿಯ ಹೊಲಿಗೆಯೊಳಗೆ ಎರಡು ಇಂಚು ಮಾರ್ಜಿನ್ ಬಿಡಿ. ಹಿಂದ್‌ಮಾತಾಕ್ಕೆ ಹೋಗುವುದಾದರೆ ಜೂನಿಗೆ ಮೊದಲೇ ಹೋಗಿಬನ್ನಿ. ಮಳೆ ಬಲವಾದರೆ ಆ ಜಂಕ್ಷನ್ನಿನಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಮುಂಬಯಿಯವರಿಗೆ ಹೊಸದಲ್ಲ.

ಹಾಗಾದರೆ ಸೀರೆಯೇ ಲೇಸಲ್ಲವೇ, ಅದಕ್ಕೆ ಸೈಜೇ ಇಲ್ಲವಲ್ಲ ಎಂದು ಊರಿನ ಹಿರಿಯರು ಕೇಳುತ್ತಾರೆ. ಸೀರೆಯ ಮಟ್ಟಿಗೆ ಅವರ ಮಾತು ನಿಜ. ತೊಂದರೆಯಿರುವುದು ಸೀರೆಯಲ್ಲಲ್ಲ, ಅದನ್ನು ಹಿಡಿದು ನಿಲ್ಲಿಸುವ ಒಳಲಂಗದ ಲಾಡಿಯಲ್ಲಿ. ಐದೂವರೆ ಮೀಟರ್ ಬಟ್ಟೆಯ ಭಾರವೆಲ್ಲ ಬೆರಳಿಗಿಂತ ಸಣ್ಣ ಹುರಿಯೊಂದರ ಮೇಲೆ. ಜಾರದಿರಲೆಂದು ಅದನ್ನು ಬಿಗಿದು ಕಟ್ಟುತ್ತೇವೆ. ಅದೇ ಬಿಗಿತ ಅಗಲ ಪಟ್ಟಿಯ ಮೇಲೆ ಹಂಚಿಹೋದರೆ ಮೈಗೆ ತಿಳಿಯುವುದಿಲ್ಲ, ಹುರಿಯಾದರೆ ಚರ್ಮದಲ್ಲಿ ಹೂತು ಕೂರುತ್ತದೆ. ಬಸುರಿಯಲ್ಲಿ ಜಠರ ಮೊದಲೇ ಮೇಲಕ್ಕೆ ತಳ್ಳಿಸಿಕೊಂಡಿರುತ್ತದೆ, ಹಾರ್ಮೋನಿನಿಂದಾಗಿ ಅದರ ಬಾಯಿಯ ಬಿಗಿಯೂ ಸಡಿಲಾಗಿರುತ್ತದೆ. ಅದರ ಮೇಲೆ ಲಾಡಿ ಒತ್ತಿದರೆ ಎದೆಯುರಿ ಖಂಡಿತ. ಕೆಲವರಿಗೆ ತೊಡೆಯ ಹೊರಬದಿ ಜೋಮು ಹಿಡಿದು ಉರಿಯುತ್ತದೆ. ತೊಡೆಸಂದಿನ ಬಳಿ ಹಾದುಹೋಗುವ ನರವೊಂದು ಒತ್ತಡಕ್ಕೆ ಸಿಕ್ಕರೆ ಹೀಗಾಗುವುದುಂಟು, ಬಿಗಿ ಬಟ್ಟೆ ಅದಕ್ಕೊಂದು ಕಾರಣ.

ಸೊಂಟದ ಲಾಡಿಯ ಬಗ್ಗೆ ಮುಂಬಯಿಯ ವೈದ್ಯರಿಗೆ ಹಳೆಯ ಅನುಮಾನವೂ ಇದೆ. ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿದ್ದ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ 1945ರಲ್ಲೇ, ಧೋತಿ ಬಿಗಿದು ಉಡುವ ಕಡೆ ಚರ್ಮ ವರ್ಷಗಟ್ಟಲೆ ಉಜ್ಜಿ ಕ್ಯಾನ್ಸರಾದ ಪ್ರಸಂಗಗಳನ್ನು ವಿವರಿಸಿದ್ದರು. ಆಮೇಲೆ ಒಳಲಂಗದ ಲಾಡಿಯಿಂದಲೂ ಅಂಥದೇ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಇದು ತೀರ ಅಪರೂಪ, ದಶಕಗಟ್ಟಲೆ ಅದೇ ಜಾಗ ಗಾಯವಾಗುತ್ತಿದ್ದವರಲ್ಲಿ ಕಂಡದ್ದು. ಒಂಬತ್ತು ತಿಂಗಳ ಸೀರೆಯಿಂದ ಬರುವಂಥದ್ದಲ್ಲ. ಹೆದರಬೇಕಾಗಿಲ್ಲ. ಆದರೆ ಸೊಂಟದಲ್ಲಿ ಕಪ್ಪು ಗೆರೆ ಬಿದ್ದು ತುರಿಸುವ ತನಕ ಲಾಡಿ ಬಿಗಿಯುವ ಅಭ್ಯಾಸವನ್ನು ಬಿಡಲು ಬಸುರಿಗಿಂತ ಒಳ್ಳೆಯ ನೆಪ ಸಿಗಲಿಕ್ಕಿಲ್ಲ.

ಲಾಡಿ ತೆಗೆದು ಎರಡು ಇಂಚು ಅಗಲದ ಇಲಾಸ್ಟಿಕ್ ಹಾಕಿಸಿ. ಇನ್ನೂ ಒಳ್ಳೆಯದೆಂದರೆ ಉದ್ದಕ್ಕೂ ತೂತುಗಳಿರುವ ಇಲಾಸ್ಟಿಕ್. ಮಕ್ಕಳ ಚಡ್ಡಿಯಲ್ಲಿರುವಂತೆ ಒಳಗೊಂದು ಗುಂಡಿ ಇಟ್ಟರೆ ತಿಂಗಳಿಗೊಂದು ತೂತು ಸಡಿಲಿಸುತ್ತ ಹೋಗಬಹುದು. ಲಂಗವನ್ನು ಹೊಟ್ಟೆಯ ಕೆಳಗೆ, ಹಿಂದೆ ತುಸು ಎತ್ತರ ಬರುವಂತೆ ಉಟ್ಟುಕೊಳ್ಳಿ. ಮೀನಿನ ಬಾಲದಂತೆ ಮೈಗಂಟುವ ‘ಶೇಪ್‌ವೇರ್’ ಲಂಗಗಳು ಈಗ ಫ್ಯಾಷನ್ನು, ಅವು ಬೇಡವೇ ಬೇಡ. ಸೀರೆಯೂ ಹಗುರವಿರಲಿ. ಕಿನ್ನಿಗೋಳಿ ಕಡೆ ನೇಯುವ ಉಡುಪಿ ಸೀರೆ ಅಮ್ಮನ ಕಪಾಟಿನಲ್ಲಿದ್ದರೆ ಕೇಳಿ ತೆಗೆದುಕೊಳ್ಳಿ. ಒಗೆದಷ್ಟೂ ಮೆತ್ತಗಾಗುವ ಹತ್ತಿ ಅದು. ಮುಂದಿನ ನೆರಿಗೆ ಕಾಲಿಗೆ ತೊಡರುವುದು ಇನ್ನೊಂದು ತಲೆನೋವು. ಹೊಟ್ಟೆ ಅಡ್ಡ ಬಂದು ಕಾಲು ಕಾಣದಿರುವಾಗ ನೆರಿಗೆ ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ಕೊಡಗಿನವರು ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಉಡುತ್ತಾರಲ್ಲ, ಈ ತಿಂಗಳುಗಳಿಗೆ ಅದೇ ಜಾಣತನದ ಪದ್ಧತಿ ಎಂದು ನನಗನ್ನಿಸುತ್ತದೆ. ಅದು ಬಾರದಿದ್ದರೆ ಸೀರೆಯನ್ನು ಎರಡು ಇಂಚು ಮೇಲೆ ಉಟ್ಟರೂ ಸಾಕು.

ಇನ್ನು ಲೋಕಲ್. ಕಾನೂನಿನ ಪ್ರಕಾರ ಮೊದಲೆರಡು ಮಕ್ಕಳಿಗೆ ಸಿಗುವ 26 ವಾರದ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಮಗುವಿನ ಜೊತೆ ಹೆಚ್ಚು ದಿನ ಇರಬೇಕೆಂದು ಹಲವರು ಅದನ್ನೂ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಐದರಿಂದ ಎಂಟನೆಯ ತಿಂಗಳವರೆಗಿನ ಹೊಟ್ಟೆಯನ್ನು ಲೇಡೀಸ್ ಡಬ್ಬಾದಲ್ಲೇ ಹೊತ್ತು ತಿರುಗಬೇಕು. ಅಲ್ಲಿ ಮೊದಲು ಕಳಚಬೇಕಾದದ್ದು ದುಪಟ್ಟಾ. ಇಳಿಯುವ ನೂಕುನುಗ್ಗಲಿನಲ್ಲಿ ಅದರ ಒಂದು ತುದಿ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕರೆ ಕುತ್ತಿಗೆ ಅಲ್ಲೇ ಉಳಿಯುತ್ತದೆ. ಬೇಕೇಬೇಕೆಂದಿದ್ದರೆ ಬ್ಯಾಗಿನಲ್ಲಿಟ್ಟುಕೊಂಡು ಆಫೀಸು ಮುಟ್ಟಿದ ಮೇಲೆ ಹಾಕಿಕೊಳ್ಳಿ. ಎಸಿ ಲೋಕಲಿನವರಿಗೆ ಅದೇ ಶಾಲೂ ಆಗುತ್ತದೆ. ಪಾದ ಮುಟ್ಟುವ ಮ್ಯಾಕ್ಸಿ ಉಡುಪು ಫೋಟೋಕ್ಕೆ ಚೆಂದ, ಪ್ಲಾಟ್‌ಫಾರಂ ಮತ್ತು ಫುಟ್‌ಬೋರ್ಡಿನ ನಡುವಿನ ಸಂದು ದಾಟುವಾಗ ಅಪಾಯ. ಕಣಕಾಲಿಗಿಂತ ಒಂದು ಗೇಣು ಮೇಲೆ ನಿಲ್ಲುವ ಉದ್ದ, ಹತ್ತಲು ಕಾಲೆತ್ತುವಷ್ಟು ಅಗಲ ಸಾಕು.

ಮನೆಯಲ್ಲಿ ಅತ್ತೆಯೋ ಅಜ್ಜಿಯೋ “ಸೆರಗು ಹೊದ್ದುಕೊಂಡು ಹೋಗು ಮಗಾ, ದೃಷ್ಟಿ ತಾಗುತ್ತದೆ” ಎನ್ನುತ್ತಾರೆ. ಲೋಕಲಿನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಸೀಟು ಹಿಡಿದವರನ್ನೆಲ್ಲ “ಕಹಾಂ ಉತರೋಗೆ?” ಎಂದು ವಿಚಾರಿಸಿ ಮುಂಗಡ ಕಾಯ್ದಿರಿಸುವ ಊರು ಇದು, ಹೊಟ್ಟೆ ಕಂಡರೆ ಮಾತ್ರ ಆ ಸರದಿ ಮುರಿದು ಯಾರಾದರೂ ಏಳುತ್ತಾರೆ. ಲಂಡನ್ನಿನ ಸಾರಿಗೆಯವರು ಬಸುರಿಯರಿಗೆಂದು ಎದೆಗೆ ಸಿಕ್ಕಿಸುವ ಬಿಲ್ಲೆ ಕೊಡುತ್ತಾರೆ, ಜಪಾನಿನಲ್ಲಿ 2006ರಿಂದ ಬ್ಯಾಗಿಗೆ ತೂಗುಹಾಕುವ ಗುರುತು ಇದೆ. ನಮ್ಮಲ್ಲಿ ಆ ಕೆಲಸ ಬಟ್ಟೆಯೇ ಮಾಡಬೇಕು. ಎದೆಯ ಕೆಳಗೆ ಕತ್ತರಿಸಿ ಹೊಲಿದ ಕುರ್ತಿ ಹೊಟ್ಟೆಯನ್ನು ಒತ್ತದೆ ತೋರಿಸುತ್ತದೆ. ಗೋಣಿಚೀಲದಂಥ ಕುರ್ತಿ ಎಂಟು ತಿಂಗಳನ್ನೂ ಬರೀ ದಪ್ಪವೆಂದು ತೋರಿಸಿಬಿಡುತ್ತದೆ. ವಾಂತಿ, ತಲೆಸುತ್ತು ಕಾಡುವ ಮೊದಲ ಮೂರು ತಿಂಗಳಲ್ಲಿ ಮಾತ್ರ ಯಾವ ಬಟ್ಟೆಯೂ ಸೀಟು ಕೊಡಿಸಲಾರದು. ಆಗ ನಾಚಿಕೆ ಬಿಟ್ಟು ಬಾಯಿಬಿಟ್ಟು ಕೇಳಬೇಕು. ದಿವ್ಯಾಂಗರ ಡಬ್ಬಾ ಹತ್ತಲು ಗರ್ಭಿಣಿಯರಿಗೂ ಅವಕಾಶವಿದೆ ಎನ್ನುವುದು ನೆನಪಿರಲಿ; ಡಾಕ್ಟರರ ಕಾಗದ ಬ್ಯಾಗಿನಲ್ಲಿದ್ದರೆ ವಾದಕ್ಕೆ ಎಡೆಯಿಲ್ಲ.

ಸೆಕೆಯ ವಿಷಯ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಕೊನೆಕೊನೆಗೆ ಶೇ. 40ರಿಂದ 50ರಷ್ಟು ಹೆಚ್ಚಿರುತ್ತದೆ, ಚರ್ಮಕ್ಕೆ ಹರಿಯುವ ರಕ್ತವೂ ಹೆಚ್ಚು. ಪಕ್ಕದವರಿಗೆ ಹಿತವಾದ ಫ್ಯಾನು ಇವಳಿಗೆ ಸಾಲದು. ಮುಂಬಯಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಬೇಗ ಆರುವುದೂ ಇಲ್ಲ. ಪಾಲಿಯೆಸ್ಟರ್ ಬಟ್ಟೆ ಬೆವರು ಹೀರದೆ ಮೈಗಂಟುತ್ತದೆ. ಸ್ತನದ ಕೆಳಗೆ, ತೊಡೆಸಂದಿನಲ್ಲಿ, ಹೊಟ್ಟೆಯ ಮಡಿಕೆಯಲ್ಲಿ ಬೆವರುಸಾಲೆ ಏಳುವುದು ಅಲ್ಲೇ. ಮಲ್‌ಮಲ್, ತೆಳು ಹತ್ತಿ ಒಳ್ಳೆಯದು. ಅಂಗಡಿಯವರು ‘ಕಾಟನ್ ಜೈಸಾ ಹೀ ಹೈ’ ಎಂದು ಕೊಡುವ ರೇಯಾನ್ ಒಣಗಿದ್ದಾಗ ತಂಪು, ಆದರೆ ಒದ್ದೆಯಾದರೆ ಭಾರವಾಗಿ ಜೋತುಬಿದ್ದು ಬಲ ಕಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಹೊಟ್ಟೆಗೆ ಅದನ್ನು ನಂಬಬೇಡಿ. ಮಳೆಗಾಲದಲ್ಲಿ ಬಟ್ಟೆ ಎಷ್ಟು ಚೆಂದವಿದೆ ಎನ್ನುವುದಕ್ಕಿಂತ ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗುತ್ತದೆಯೇ ಎನ್ನುವುದು ಮುಖ್ಯ. ಜೀನ್ಸ್ ಒಣಗುವುದಿಲ್ಲ. ಒನ್ ರೂಮ್ ಕಿಚನ್ನಿನಲ್ಲಿ ಹಗ್ಗ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಉಡುಪನ್ನು ಇದೇ ಕಾರಣಕ್ಕೆ ಎಂದಿನದಕ್ಕಿಂತ ಹೆಚ್ಚು ಜೊತೆ ಇಟ್ಟುಕೊಳ್ಳಿ. ಬಸುರಿನಲ್ಲಿ ಬಿಳಿಸೆರಗು ಸಹಜವಾಗಿಯೇ ಹೆಚ್ಚುತ್ತದೆ, ಶಿಲೀಂಧ್ರದ ಸೋಂಕೂ ಬೇಗ ತಗಲುತ್ತದೆ. ಹಸಿ ಆರದ ಚಡ್ಡಿ ಅದಕ್ಕೆ ಕರೆದು ಮಣೆ ಹಾಕಿದಂತೆ. ಶುದ್ಧ ಹತ್ತಿಯದು, ಹೊಟ್ಟೆಯ ಕೆಳಗೆ ನಿಲ್ಲುವಂಥದು ಇರಲಿ. ಬ್ರಾ ಅಳತೆಯನ್ನು ಮೂರು ತಿಂಗಳಾದಾಗ ಒಮ್ಮೆ, ಎಂಟನೆಯ ತಿಂಗಳಲ್ಲಿ ಇನ್ನೊಮ್ಮೆ ತೆಗೆಸಿ. ಎರಡನೆಯ ಸಲ ಹಾಲೂಡಿಸುವ ಬ್ರಾ ಕೊಂಡುಬಿಡಿ. ಮೊದಲ ಸಲದ್ದನ್ನು ಕೊಳ್ಳುವಾಗ ಹಿಂದಿನ ಕೊಕ್ಕೆ ತೀರ ಒಳಸಾಲಿನಲ್ಲಿ ಹತ್ತುವಂತಿರಲಿ, ಎದೆಗೂಡು ಅಗಲವಾದಂತೆ ಹೊರಸಾಲಿಗೆ ಬರಬಹುದು. ತಂತಿಯ ಬ್ರಾ ಹಾಕಲೇಬಾರದೆಂದಿಲ್ಲ, ಚುಚ್ಚತೊಡಗಿದರೆ ಬಿಡಿ. ಹೊಟ್ಟೆಗೆ ಕಟ್ಟುವ ಬೆಲ್ಟು ಸೊಂಟನೋವಿರುವ ಕೆಲವರಿಗೆ ಹಿತ ಕೊಡುತ್ತದೆ. ಡಾಕ್ಟರರನ್ನು ಕೇಳಿ, ನಡೆದಾಡುವಾಗ ಮಾತ್ರ ಕಟ್ಟಿಕೊಳ್ಳಿ.

ಚಪ್ಪಲಿ ಚಪ್ಪಟೆಯಾಗಿ, ಹಿಮ್ಮಡಿಗೆ ಪಟ್ಟಿಯಿದ್ದು, ತಳ ಜಾರದಂತಿರಬೇಕು. ಕೊನೆಯ ತಿಂಗಳುಗಳಲ್ಲಿ ಬಗ್ಗಿ ಬಕಲ್ ಹಾಕಲಾಗದು, ಸುಮ್ಮನೆ ಕಾಲು ತೂರಿಸುವಂತಿರಲಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ 2013ರ ಅಧ್ಯಯನವೊಂದು, ಬಸುರಿನಲ್ಲಿ ಪಾದದ ಕಮಾನು ಇಳಿದು ಹಲವರ ಪಾದ ಕಾಯಂ ಆಗಿ ತುಸು ಉದ್ದವಾಗುವುದನ್ನು ಕಂಡಿತು. ಹೆರಿಗೆಯಾದ ಮೇಲೆ ಹಳೆಯ ಚಪ್ಪಲಿ ಹಿಡಿಸದಿದ್ದರೆ ಗಾಬರಿಪಡಬೇಡಿ.

ಆದರೆ ಬಿಗಿಯಾಗುವುದೆಲ್ಲ ಹೀಗೆ ನಿರಪಾಯವಲ್ಲ. ಸಂಜೆ ಎರಡೂ ಪಾದ ಊದಿ ಬೆಳಿಗ್ಗೆ ಇಳಿದರೆ ಸಾಮಾನ್ಯ. ನಿನ್ನೆ ಹಿಡಿಸಿದ ಬಳೆ, ಉಂಗುರ ಇಂದು ಥಟ್ಟನೆ ಬಿಗಿಯಾಗಿ ಮುಖವೂ ಊದಿಕೊಂಡರೆ, ತಲೆನೋವು ಬಂದು ಕಣ್ಣು ಮಂಜಾದರೆ ಅದು ರಕ್ತದೊತ್ತಡ ಏರಿದ ಲಕ್ಷಣವಿರಬಹುದು. ಒಂದೇ ಕಾಲು ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ್ದರಿಂದ ಆಗಿರಬಹುದು. ಚರ್ಮದಲ್ಲಿ ಗುಳ್ಳೆಯಿಲ್ಲದೆ ಅಂಗೈ ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಬಟ್ಟೆಯನ್ನು ದೂರಬೇಡಿ, ಪಿತ್ತಜನಕಾಂಗದ ಸಮಸ್ಯೆಯಿರಬಹುದು. ಮೂರಕ್ಕೂ ಅದೇ ದಿನ ಆಸ್ಪತ್ರೆ. ಉಂಗುರವನ್ನಂತೂ ಆರನೆಯ ತಿಂಗಳಲ್ಲೇ ತೆಗೆದು ಸರಕ್ಕೆ ಪೋಣಿಸಿಕೊಳ್ಳುವುದು ಕ್ಷೇಮ.

ಏಳನೆಯ ತಿಂಗಳಿಗೆ ಸೀಮಂತ. ನಮ್ಮಲ್ಲೂ ಹಸಿರು ಸೀರೆ, ಹಸಿರು ಬಳೆ. ಪಕ್ಕದ ಮರಾಠಿ ಮನೆಯ ಡೋಹಾಳೆ ಜೇವಣದಲ್ಲೂ ಹಸಿರೇ. ಬಸುರಿಗೆ ಕಪ್ಪು ಬೇಡ ಎನ್ನುವ ನಮ್ಮ ಹಿರಿಯರು, ಸಂಕ್ರಾಂತಿಗೆ ಅದೇ ಮರಾಠಿ ಮನೆಯವರು ಕಪ್ಪು ಸೀರೆ ಉಟ್ಟು ಸಂಭ್ರಮಿಸುವುದನ್ನು ನೋಡಿಯೂ ಪಟ್ಟು ಬಿಡುವುದಿಲ್ಲ. ಈ ವಾದ ಗೆಲ್ಲುವ ಅಗತ್ಯವಿಲ್ಲ. ಗಮನ ಕೊಡಬೇಕಾದದ್ದು ರೇಷ್ಮೆಯ ರವಿಕೆಗೆ. ಎರಡು ತಿಂಗಳು ಮುಂಚೆ ಹೊಲಿಸಿದರೆ ಆ ದಿನಕ್ಕೆ ಹತ್ತುವುದಿಲ್ಲ. ವಾರದ ಹಿಂದೆ ಅಳತೆ ಕೊಡಿ, ಕೊಕ್ಕೆ ಮುಂದಿರಲಿ, ಬದಿಯಲ್ಲಿ ಮಾರ್ಜಿನ್ ಇರಲಿ. ಹಾಲೂಡಿಸುವ ತಿಂಗಳುಗಳಲ್ಲಿ ನಾಮಕರಣಕ್ಕೂ ಅದೇ ರವಿಕೆ ಬರುತ್ತದೆ.

ಎಲ್ಲ ಸೇರಿ ಹೊರಗೆ ಹೋಗಲು ನಾಲ್ಕೈದು ಕುರ್ತಿ, ಹೊಟ್ಟೆಯ ಮೇಲೆ ಇಲಾಸ್ಟಿಕ್ ಪಟ್ಟಿಯಿರುವ ಎರಡು ಪ್ಯಾಂಟು, ಮನೆಗೆ ಮೂರು ನೈಟಿ ಇದ್ದರೆ ನಡೆಯುತ್ತದೆ. ಮೊದಲ ಕೆಲವು ವಾರಕ್ಕೆ ಹಳೆಯ ಪ್ಯಾಂಟಿನ ಕಾಜಾಕ್ಕೆ ರಬ್ಬರ್ ಬ್ಯಾಂಡ್ ತೂರಿಸಿ ಗುಂಡಿಗೆ ಸುತ್ತಿ, ಮೇಲೆ ಉದ್ದ ಕುರ್ತಿ ಹಾಕಿದರೆ ಕೊಳ್ಳುವುದನ್ನು ಮುಂದೂಡಬಹುದು. ಕುರ್ತಿ, ನೈಟಿ ಎರಡಕ್ಕೂ ಎದೆಯ ಬಳಿ ಮರೆಮಾಚಿದ ಜಿಪ್ಪು ಹಾಕಿಸಿ, ಆಗ ಬಾಣಂತನಕ್ಕೆ ಬೇರೆ ಬಟ್ಟೆ ಬೇಡ. ಚೊಚ್ಚಲಿಗೆ ತವರಿಗೆ ಹೊರಡುವವರು ಡಾಕ್ಟರರನ್ನು ಕೇಳಿ, ಮತ್ಸ್ಯಗಂಧಾದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಟಿಕೇಟು ತೆಗೆಯುವಾಗ ಗರ್ಭಿಣಿಯರಿಗಿರುವ ಕೆಳ ಬರ್ತಿನ ಕೋಟಾ ಕೇಳಿ. ಚೀಲ ಕಟ್ಟುವಾಗ ಹಳೆಯ ಅಳತೆಯ ಬಟ್ಟೆಯನ್ನು ಮುಂಬಯಿಯಲ್ಲೇ ಬಿಟ್ಟುಹೋಗಿ: ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು, ಹೊಟ್ಟೆಯ ಸ್ನಾಯುಗಳಿಗೆ ಅದಕ್ಕಿಂತಲೂ ಹೆಚ್ಚು. ಆಸ್ಪತ್ರೆಯಿಂದ ಮನೆಗೆ ಬರುವ ದಿನ ಹಿಡಿಸುವುದು ಆರನೆಯ ತಿಂಗಳಲ್ಲಿ ಹಾಕುತ್ತಿದ್ದ ಕುರ್ತಿಯೇ.